ಹೊಗಳಿ ಮಾಡಿದ ತಪ್ಪು

ಹೋದ ಶನಿವಾರ ಸೊಲ್ಲೆಂಟುನಾದಲ್ಲಿ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆವು. ಮಗಳಿಗೆ ಚಳಿಗಾಲದ ಬೂಟು ಹುಡುಕುವಾಗ ಹೂದಾನಿಗಳ ಮಧ್ಯೆ ಒಂದು ದಪ್ಪ ಕೀಬೋರ್ಡು ಕಂಡಿತು. ಕಂಪ್ಯೂಟರ್ ಪೂರ್ತಿ ಅದರ ಹೊಟ್ಟೆಯೊಳಗೇ ಇರುವ ಕಾಲದ್ದು. "ರೀ, ಆ ಗುಜರಿ ಮಾತ್ರ ಮನೆಗೆ ಬೇಡ" ಎಂದಳು ಹೆಂಡತಿ. ನಾನು ಮುಟ್ಟಲೂ ಇಲ್ಲ. ನನಗೆ ಕೆಲಸ ಕಲಿಸಿದ ಲೆನಾರ್ಟ್ ನೆನಪಾಗಿ ಬಾಯೆಲ್ಲ ಕಹಿಯಾಗಿತ್ತು.

ನೀವು ಕೇಳಿರಲಿಕ್ಕಿಲ್ಲ, ಒಂದು ಕಾಲಕ್ಕೆ ಈ ಸ್ವೀಡನ್ ದೇಶ ತನ್ನ ಕಂಪ್ಯೂಟರನ್ನು ತಾನೇ ಮಾಡಿಕೊಳ್ಳುತ್ತಿತ್ತು. ಸಣ್ಣ ಊರಿನಲ್ಲಿ ರೇಡಿಯೋ, ಟೀವಿ ಮಾಡಿಕೊಂಡಿದ್ದ ಫ್ಯಾಕ್ಟರಿಯೊಂದು ಇದನ್ನು ಮಾಡಿ ಶಾಲೆಶಾಲೆಗೆ ಕಳಿಸಿತಂತೆ. ಲೆನಾರ್ಟ್ ಅಲ್ಲಿ ಇಂಜಿನಿಯರ್. "ನಮ್ಮದರಲ್ಲಿ ಸ್ವೀಡಿಶ್ ಅಕ್ಷರ ಎಲ್ಲವೂ ಬರುತ್ತಿತ್ತು" ಎನ್ನುವಾಗ ಅವರ ಮುಖ ನೋಡಬೇಕಿತ್ತು. ಆಮೇಲೆ ಹೊರಗಿನ ದೊಡ್ಡ ಕಂಪನಿ ಅದನ್ನು ಕೊಂಡಿತು. ಆ ಕಂಪನಿಯಿಂದ ಬಂದವರಿಗೆ ಲೆನಾರ್ಟ್ ಎಲ್ಲ ಹೇಳಿಕೊಟ್ಟರು. ಕೊನೆಗೆ ಫ್ಯಾಕ್ಟರಿಗೇ ಬೀಗ ಬಿತ್ತು.

ನಾನು ಅವರನ್ನು ಕಂಡದ್ದು ಎಷ್ಟೋ ವರ್ಷದ ಮೇಲೆ, ಕಿಸ್ತಾದ ಆಫೀಸಿನಲ್ಲಿ. ಅವರ ಕೆಲಸ ಕಲಿತು ಬೆಂಗಳೂರಿಗೆ ಸಾಗಿಸಲೆಂದೇ ಆಫೀಸಿನವರು ನನ್ನನ್ನು ಕರೆಸಿದ್ದರು. ಅದು ಅವರಿಗೂ ಗೊತ್ತಿತ್ತು. ಆದರೂ ಏನನ್ನೂ ಬಚ್ಚಿಡಲಿಲ್ಲ, ಪುಣ್ಯಾತ್ಮ. "ವಸಂತದವರೆಗೆ ಎಳೆದರೆ ಸಾಕು, ಪೂರ್ತಿ ಪಿಂಚಣಿ ಸಿಗುತ್ತದೆ" ಎಂದು ಒಮ್ಮೆ ಹೇಳಿದ್ದರು. ಇಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ಎಲ್ಲರನ್ನೂ 'ನೀನು' ಎಂದೇ ಮಾತಾಡಿಸುವುದು. ನನ್ನ ಮನಸ್ಸಿನಲ್ಲಿ ಮಾತ್ರ ಅವರು ಮೇಷ್ಟ್ರು.

ಅದೇ ನನ್ನ ಕೇಡು. ಒಂದು ಶುಕ್ರವಾರ ಫಿಕಾಗೆ, ಅಂದರೆ ಇಲ್ಲಿನ ಕಾಫಿ ವಿರಾಮಕ್ಕೆ, ಎಲ್ಲರೂ ಕಪ್ಪು ಹಿಡಿದು ಕೂತಿದ್ದಾಗ ಮ್ಯಾನೇಜರಮ್ಮ ಕಲಿಕೆ ಎಲ್ಲಿಗೆ ಬಂತೆಂದು ಕೇಳಿದಳು. ಅರ್ಧದಷ್ಟು ಅರ್ಥವೇ ಆಗಿಲ್ಲ ಅಂತ ಮೇಷ್ಟ್ರ ಎದುರೇ ಹೇಳುವುದುಂಟೇ? "ಎಲ್ಲ ಕಲಿಸಿಬಿಟ್ಟಿದ್ದಾರೆ, ಇನ್ನು ಕೇಳೋಕೆ ಏನೂ ಉಳಿದಿಲ್ಲ" ಎಂದೆ. ನಮ್ಮ ಕಡೆ ಅದು ಗುರುವಿಗೆ ಮಾಡುವ ನಮಸ್ಕಾರ. ಆಕೆ ಅದನ್ನು ಅಕ್ಷರಶಃ ಬರೆದುಕೊಂಡಳು. ಸೋಮವಾರ ಲೆನಾರ್ಟರನ್ನು ಒಳಗೆ ಕರೆದು, ಕಲಿಸುವುದು ಮುಗಿದಿದೆ, ಈ ತಿಂಗಳೇ ಕೊನೆ ಎಂದಳು. ವಸಂತ ಇನ್ನೂ ದೂರವಿತ್ತು.

ಬೀಳ್ಕೊಡುಗೆಯ ದಿನ ಕೇಕಿನ ಮೊದಲ ತುಂಡನ್ನು ಅವರು ನನಗೇ ಕೊಟ್ಟರು. ನಾನು ತಿಂದೆ. ಮಾನಗೆಟ್ಟವನ ಹಾಗೆ ಎರಡನೆಯದನ್ನೂ ತಿಂದೆ. ತಪ್ಪಾಯಿತು ಎನ್ನಲಿಲ್ಲ. ನನ್ನ ವೀಸಾ ಆ ಮ್ಯಾನೇಜರಮ್ಮನ ಕೈಯಲ್ಲಿತ್ತು ನೋಡಿ.

ಸಂತೆಯಿಂದ ಹೊರಬಂದು, ಹೆಂಡತಿ ಮಗಳನ್ನು ಕಾರಿನಲ್ಲಿ ಕೂರಿಸಿ, ಅವರಿಗೆ ಫೋನು ಮಾಡಿದೆ. ನಂಬರು ಬದಲಾಗಿರಲಿಲ್ಲ.

"ನಿಮ್ಮ ಕೆಲಸ ಹೋದದ್ದು ನನ್ನ ಮಾತಿನಿಂದ" ಎಂದೆ.

"ಗೊತ್ತು. ಆ ಮಾತನ್ನು ಅವಳು ನನಗೆ ಓದಿ ಹೇಳಿದ್ದಳು."

"ಮತ್ತೆ ನನ್ನನ್ನು ಬೈಯಲಿಲ್ಲ ಯಾಕೆ?"

"ಫ್ಯಾಕ್ಟರಿಯಲ್ಲಿ ಅಷ್ಟು ಜನಕ್ಕೆ ಕಲಿಸಿದೆ. ಚೆನ್ನಾಗಿ ಕಲಿಸಿದೆ ಅಂತ ಒಬ್ಬರೂ ಹೇಳಿರಲಿಲ್ಲ. ನೀನು ಹೇಳಿದ್ದು ನಿಜ ತಾನೇ? ಎಲ್ಲ ಅರ್ಥವಾಗಿತ್ತು ಅಲ್ಲವೇ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಎಲ್ಲ ಅರ್ಥವಾಗಿತ್ತು" ಎಂದೆ. ಆಫೀಸಿನಲ್ಲಿ ಅದನ್ನು ಮರ್ಯಾದೆಗೆ ಹೇಳಿದ್ದೆ. ಈ ಸಲ ಅವರಿಗಾಗಿ ಬೇಕೆಂದೇ ಸುಳ್ಳು ಹೇಳಿದೆ.