ತೊಳೆದು ಒಣಗಿಸಿದ ಚಿಪ್ಪುಗಳು

ಕಾರವಾರದ ಒಂದು ಸಂಗ್ರಹಾಲಯದಲ್ಲಿ ನನಗೆ ಗುತ್ತಿಗೆ ಕೆಲಸ ಸಿಕ್ಕಿತ್ತು. ಹಳೆಯ ಚಿಪ್ಪು, ಶಂಖ, ಕವಡೆಗಳ ಫೋಟೋ ತೆಗೆಯುವುದು, ಒಂದೊಂದರ ಜೊತೆಗೂ ಇರುವ ಚೀಟಿ ಓದಿ ವಿವರಗಳನ್ನು ಕಂಪ್ಯೂಟರಿಗೆ ಏರಿಸುವುದು. ಯಾವ ದಂಡೆಯಲ್ಲಿ ಸಿಕ್ಕಿತು, ಯಾವಾಗ, ಯಾರು ತಂದರು ಎಂಬುದೆಲ್ಲ ಆ ಚೀಟಿಯಲ್ಲೇ. ಚೀಟಿ ಹೋದರೆ ಅದು ಬರೀ ಚಿಪ್ಪು.

ಒಂದು ಸೋಮವಾರ ಅಂಕೋಲಾದಿಂದ ಬರುವ ಬಸ್ಸಿಳಿದು ಹೋದಾಗ ಹತ್ತು ಗಂಟೆ. ಜಗಲಿಯ ಮೇಲೆ ಹಳೇ ಸೀರೆ ಹಾಸಿತ್ತು. ಅದರ ತುಂಬ ಚಿಪ್ಪುಗಳು, ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ, ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಪಕ್ಕದಲ್ಲಿ ಬಕೆಟ್ಟು, ತೆಂಗಿನ ನಾರು. ನಮ್ಮಲ್ಲಿ ಕಸ ಗುಡಿಸುವ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ನಗುತ್ತ ನಿಂತಿದ್ದಳು.

"ಏಳೂವರೆಗೇ ಬಂದೆ ಅಕ್ಕೋರೆ. ಒಂದು ಕಪಾಟು ಪೂರ್ತಿ ಮುಗಿಸ್ದೆ."

ಸೀರೆಯ ಮೇಲೆ ಒಂದು ಕಾಗದವೂ ಕಾಣಲಿಲ್ಲ. "ಚೀಟಿ?" ಎಂದೆ.

"ಆ ಕಾಗದಾನಾ? ಬಕೆಟ್ಟಲ್ಲೇ ಬಿದ್ದು ಮುದ್ದೆ ಆಗೋಯ್ತು. ಚಿಪ್ಪಿ ಮೇಲೂ ಯಾರೋ ಶಾಯಿಲಿ ಗೀಚಿ ಇಟ್ಟಿದ್ರು. ತಿಕ್ಕಿ ತಿಕ್ಕಿ ಕೈ ನೋವು ಬಂತು, ಆದ್ರೂ ತೆಗದೆ."

ಅವಳು ಗೀಚಿದ್ದು ಎಂದದ್ದು ನೋಂದಣಿ ಸಂಖ್ಯೆ. ಚೀಟಿ ಕಳೆದರೂ ಗುರುತು ಉಳಿಯಲಿ ಎಂದು ಹಿಂದಿನವರು ಚಿಪ್ಪಿನ ಮೇಲೇ ಬರೆದಿಟ್ಟದ್ದು. ಬಕೆಟ್ಟಿಗೆ ಕೈ ಹಾಕಿದರೆ ನೀಲಿ ನೀರು, ಅಂಟಂಟು ಕಾಗದ.

"ಯಾರು ಹೇಳಿದರು ನಿಂಗೆ?" ಎಂದು ಕೂಗಿದೆ. ಅಷ್ಟು ಜೋರಾಗಿ ಯಾರ ಮೇಲೂ ಕೂಗಿದವಳಲ್ಲ ನಾನು.

ಅವಳ ನಗು ಆರಿತು. "ನೀವೇ ಅಂದ್ರಲ್ಲ, ಶನಿವಾರ. ಹಿಂಗೆ ಬೂಷ್ಟು ಹಿಡದ್ರೆ ಫೋಟೋ ತೆಗುಕೆ ಬರೂದಿಲ್ಲ, ಯಾರಾದ್ರೂ ತೊಳದು ಕೊಟ್ರೆ ಪುಣ್ಯ ಬರ್ತದೆ ಅಂತ."

ಅಂದಿದ್ದೆ. ಚೀಲ ಹೆಗಲಿಗೇರಿಸುತ್ತ, ಯಾರಿಗೂ ಅಲ್ಲದ ಹಾಗೆ ಗೊಣಗಿದ್ದೆ. ಅವಳು ಅಲ್ಲೇ ನೆಲ ಒರೆಸುತ್ತಿದ್ದಳು.

ಮುಖ್ಯಸ್ಥರು ಬಂದರು. ಜಗಲಿಯನ್ನೊಮ್ಮೆ ನೋಡಿ, ಬಕೆಟ್ಟಿನೊಳಗೂ ಬಗ್ಗಿ ನೋಡಿದರು. ಆಮೇಲೆ, "ಯಾರ ಕೆಲಸ ಇದು?" ಎಂದರು. ಅವಳು ತಲೆ ತಗ್ಗಿಸಿದಳು. ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ನಾನೂ ಸುಮ್ಮನಿದ್ದೆ. ಅವರು, "ನಾಳೆಯಿಂದ ಬರಬೇಡ" ಎಂದು ಅವಳಿಗೆ ಹೇಳಿದ ಮೇಲಷ್ಟೇ ನಾನು ಬಾಯಿ ಬಿಟ್ಟೆ. "ನಾನು ಹೇಳಿದ್ದೆ ಸರ್, ತೊಳೀಬೇಕು ಅಂತ." ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಅವಳ ಕೆಲಸ ಉಳಿಯಿತು.

ಹಳೆಯ ದಾಖಲೆ ಪುಸ್ತಕದಲ್ಲಿ ಕೆಲವಕ್ಕೆ ಉದ್ದ, ಅಗಲ, ಬಣ್ಣ ಬರೆದಿತ್ತು. ಸ್ಕೇಲು ಹಿಡಿದು ವಾರಗಟ್ಟಲೆ ತಾಳೆ ನೋಡಿದೆ. ಅರ್ಧಕ್ಕಿಂತ ಕಡಿಮೆ ಚಿಪ್ಪುಗಳ ಗುರುತು ಸಿಕ್ಕಿತು. ಉಳಿದವುಗಳ ಮುಂದೆ "ಸ್ಥಳ ಗೊತ್ತಿಲ್ಲ, ಕಾಲ ಗೊತ್ತಿಲ್ಲ" ಎಂದು ನಾನೇ ಟೈಪ್ ಮಾಡಿದೆ.

ಅವಳು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಆದರೆ ಆಮೇಲೆ ಕಸದ ಬುಟ್ಟಿ ಎತ್ತುವಾಗಲೂ ಬಾಗಿಲಲ್ಲಿ ನಿಂತು, "ಇದನ್ನ ಚೆಲ್ಲೂದಾ, ಅಕ್ಕೋರೆ?" ಎಂದು ಕೇಳತೊಡಗಿದಳು.