ಹಾರ ಹಾಕಿಸಿಕೊಂಡವರು

ಡಿಗ್ರಿ ನಮ್ಮ ಮನೆಗೆ ಆಗುವ ಮಾತಲ್ಲ ಎಂದದ್ದು ನನ್ನ ಅಪ್ಪ. ಬೇರೆ ಯಾರಾದರೂ ಹೇಳಿದ್ದರೆ ಜಗಳ ಮಾಡಬಹುದಿತ್ತು.

ನಾನು ಹುಟ್ಟಿದ್ದು ಐವರ್ನಾಡಿನ ಕಡೆಯ ಒಂದು ಖಾಸಗಿ ರಬ್ಬರ್ ಎಸ್ಟೇಟಿನಲ್ಲಿ, ಕೂಲಿಯವರ ಸಾಲುಮನೆಯಾದ ಲೈನ್ ಮನೆಯಲ್ಲಿ. ತಾತ ಸಿಲೋನಿನಿಂದ ಹಡಗಿನಲ್ಲಿ ಬಂದವರು. ಅಪ್ಪ ಟ್ಯಾಪರ್. ಬೆಳಕು ಹರಿಯುವ ಮೊದಲೇ ಕತ್ತಿ ಹಿಡಿದು ಮರ ಗೀರಿ ಹಾಲು ಇಳಿಸುವುದು ಅವರ ಕೆಲಸ. ಮನೆಯಲ್ಲಿ ನಮ್ಮದು ತಮಿಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಬಸ್ಸಿನಲ್ಲಿ ಬಾಯಿಗೆ ಬಂದದ್ದು. ಮನೆಯವರ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಪ್ಪ ನನ್ನನ್ನು ಓದಬೇಡ ಎನ್ನಲಿಲ್ಲ. "ಓದು. ಹಿಂದಿನ ಬೆಂಚಲ್ಲಿ ಕೂತು ಓದು. ಕೈ ಎತ್ತಬೇಡ, ಮುಂದೆ ಹೋಗಬೇಡ" ಎನ್ನುತ್ತಿದ್ದರು. ಶಾಲೆಯಲ್ಲಿ ಓಟದಲ್ಲಿ ಮೊದಲು ಬಂದಾಗ ಅಮ್ಮ ಬಂದು ನೋಡಿದರು, ಅಪ್ಪ ಬರಲಿಲ್ಲ. ಲೈನ್ ಮನೆಯವರಿಗೆ ಇರುವ ಅಂಜಿಕೆ ಇದು ಎಂದು ನಾನು ತಿಳಿದುಕೊಂಡೆ. ಸುಳ್ಯದಲ್ಲಿ ಸರಕಾರಿ ಕಾಲೇಜಿಗೆ ಸೇರಿದ ದಿನವೂ ಅದೇ ರಾಗ. "ಮೂರು ವರ್ಷ ಬಸ್ಸಲ್ಲಿ ಹೋಗಿ ಬರ್ತಿ, ಅಷ್ಟೇ. ಡಿಗ್ರಿ ಎಲ್ಲ ನಮಗೆ ಆಗುದಲ್ಲ."

ಕೊನೆಯ ವರ್ಷ ಇತಿಹಾಸದ ಮೇಡಂ ಸೆಮಿನಾರಿಗೆ ವಿಷಯ ಹಂಚಿದರು. ಗ್ರೀಸಿನ ಸ್ಪಾರ್ಟಾ ಎಂದ ಕೂಡಲೇ ಹುಡುಗರೆಲ್ಲ ಕೈ ಎತ್ತಿದರು. ಯುದ್ಧ, ಗುರಾಣಿ, ಕಟ್ಟುಮಸ್ತಾದ ಮೈ, ಅವರಿಗೆ ಬೇಕಾದದ್ದು ಅದು. ಮೇಡಂ ಹೇಳಿದರು, "ಹೇಗೆ ಗೆದ್ರು ಅಂತ ಅಲ್ಲ, ಯಾಕೆ ಹಾಳಾದ್ರು ಅಂತ ಹೇಳ್ಬೇಕು." ಕೈಗಳು ಒಂದೊಂದಾಗಿ ಇಳಿದವು. ಹಿಂದಿನ ಬೆಂಚಿನ ನನ್ನ ಪಾಲಿಗೆ ಬಂತು.

ಪಕ್ಕದ ಬೆಂಚಿನ ಹುಡುಗ ನಕ್ಕ. "ಒಳ್ಳೇದಾಯ್ತು ಮಾರಾಯ್ತಿ, ಪೆಟ್ಟು ತಿಂದವರ ಕತೆ ನಿನಗೆ."

ಲೈಬ್ರರಿಯಲ್ಲಿ ಕೂತು ಓದಿದೆ. ಮೊದಲ ಕೆಲವು ಪುಟಗಳಲ್ಲಿ ನನಗೂ ಅವರ ಮೇಲೆ ಗೌರವವೇ ಬಂತು. ಏಳು ವರ್ಷದ ಮಗುವನ್ನು ಮನೆಯಿಂದ ಬಿಡಿಸಿ ಯುದ್ಧ ಕಲಿಸುವುದು, ಗಂಡಸರೆಲ್ಲ ಒಂದೇ ಕಡೆ ಕೂತು ಉಣ್ಣುವುದು. ಆ ಊಟಕ್ಕೆ ತನ್ನ ಪಾಲಿನ ಧಾನ್ಯ ತರಲಾಗದವನು ಪೌರನೇ ಅಲ್ಲ ಎಂದು ಓದಿದಾಗ ಸ್ವಲ್ಪ ಮುಜುಗರವಾಯಿತು. ಹಾಗಾದರೆ ಆ ಧಾನ್ಯ ಬೆಳೆದದ್ದು ಯಾರು? ಸ್ಪಾರ್ಟಾದವರು ನೇಗಿಲು ಮುಟ್ಟುತ್ತಿರಲಿಲ್ಲ. ಗೆದ್ದ ನೆಲದ ಜನರನ್ನು, ಹೆಲಟ್ ಎಂದು ಕರೆದು, ಅದೇ ನೆಲದಲ್ಲಿ ತಲೆತಲಾಂತರ ದುಡಿಸುತ್ತಿದ್ದರು. ಇವರಿಗಿಂತ ಅವರ ಸಂಖ್ಯೆ ಎಷ್ಟೋ ಪಾಲು ಹೆಚ್ಚು. ಕೊಂದರೆ ಪಾಪ ತಟ್ಟಬಾರದು ಎಂದು ಪ್ರತಿವರ್ಷ ಅವರ ಮೇಲೆ ಯುದ್ಧ ಸಾರುತ್ತಿದ್ದರಂತೆ, ತಮ್ಮದೇ ಹೊಲದ ಆಳುಗಳ ಮೇಲೆ.

ಮುಂದಿನದನ್ನು ಎರಡು ಸಲ ಓದಿದೆ. ಒಮ್ಮೆ ಸ್ಪಾರ್ಟಾದವರು ಹೆಲಟರಿಗೆ ಹೇಳಿ ಕಳಿಸಿದರು. ಯುದ್ಧದಲ್ಲಿ ನಮಗಾಗಿ ಎಲ್ಲರಿಗಿಂತ ಚೆನ್ನಾಗಿ ದುಡಿದವರು ಯಾರು, ಮುಂದೆ ಬನ್ನಿ, ಬಿಡುಗಡೆ ಕೊಡುತ್ತೇವೆ. ಎರಡು ಸಾವಿರದಷ್ಟು ಜನ ಆಯ್ಕೆಯಾದರು. ತಲೆಗೆ ಹೂವಿನ ಹಾರ ಸುತ್ತಿಕೊಂಡು ದೇವಸ್ಥಾನಗಳಿಗೆ ಸುತ್ತು ಬಂದರು. ಸ್ವಲ್ಪ ಸಮಯದಲ್ಲಿ ಅವರೆಲ್ಲ ಕಾಣೆಯಾದರು. ಯಾರು ಎಲ್ಲಿ ಹೇಗೆ ಸತ್ತರೆಂದು ಯಾರಿಗೂ ತಿಳಿಯಲಿಲ್ಲ. ನಾನೇ ಮೊದಲು ಎಂದು ಮುಂದೆ ಬರುವವನೇ ನಾಳೆ ತಿರುಗಿ ಬೀಳುವವನು ಎಂಬುದು ಸ್ಪಾರ್ಟಾದವರ ಲೆಕ್ಕ, ಅದಕ್ಕೇ ಈ ಪರೀಕ್ಷೆ.

ಕ್ಲಾಸಿನಲ್ಲಿ ಇದನ್ನು ಹೇಳಿದೆ. ನಕ್ಕಿದ್ದ ಹುಡುಗ ಈ ಸಲ ನಗಲಿಲ್ಲ. ಮೇಡಂ, "ಪುತ್ತೂರಲ್ಲಿ ಬೇರೆ ಕಾಲೇಜುಗಳವರೂ ಬರುವ ಸೆಮಿನಾರ್ ಉಂಟು. ನಮ್ಮ ಕಡೆಯಿಂದ ನೀನೇ ಹೋಗುದು" ಎಂದರು.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕೂತು ಟ್ಯಾಪಿಂಗ್ ಕತ್ತಿ ಮಸೆಯುತ್ತಿದ್ದರು. ಹೇಳಿದೆ. ಅವರು ತಲೆ ಎತ್ತಲಿಲ್ಲ.

"ನಿನ್ನನ್ನೇ ಆರಿಸಿದ್ರಾ?"

"ಹೌದು."

"ಹಾಗಾದ್ರೆ ನಾಳೆಯಿಂದ ಕಾಲೇಜು ಸಾಕು."

ನಾನು ದಂಗಾದೆ. ಪರೀಕ್ಷೆಗೆ ಉಳಿದದ್ದು ಕೆಲವೇ ವಾರ. ಅಮ್ಮ ಒಳಗಿಂದ, "ನಿಮಗೆ ತಲೆ ಸರಿ ಉಂಟಾ? ದಡ ಮುಟ್ಟುವಾಗ ದೋಣಿಯಿಂದ ಇಳಿಸ್ತೀರಲ್ಲ" ಎಂದರು. ಅಪ್ಪ ಕತ್ತಿ ಮಸೆಯುತ್ತಲೇ ಇದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಎಂತ ಹೇಳಲಿಕ್ಕೆ ಹೋಗುದು ಅಂತಾದರೂ ಕೇಳಿ ಎಂದು ಸ್ಪಾರ್ಟಾದ ಕತೆ ಮೊದಲಿಂದ ಹೇಳಿದೆ. ಹಾರದ ಜಾಗಕ್ಕೆ ಬಂದಾಗ ಕತ್ತಿಯ ಸದ್ದು ನಿಂತಿತು.

"ಹಾರ ಹಾಕಿಸಿ ಕೊಂದ್ರಾ?"

"ಹೌದಪ್ಪ."

"ಇಲ್ಲಿ ಕೊಲ್ಲಲಿಲ್ಲ" ಎಂದರು ಅಪ್ಪ. ಆಮೇಲೆ ಹೇಳಿದರು. ನಾನು ಕೂಸಾಗಿದ್ದಾಗ ಆಯುಧಪೂಜೆಯ ದಿನ ಎಸ್ಟೇಟಿನ ಧಣಿ ಬಂದಿದ್ದರಂತೆ. ತೊಗಟೆ ದಾಟಿ ಮರಕ್ಕೆ ಗಾಯ ಮಾಡದೆ, ಬಿಸಿಲೇರುವ ಮೊದಲು ಎಲ್ಲರಿಗಿಂತ ಹೆಚ್ಚು ಮರ ಮುಗಿಸುವವರು ಮುಂದೆ ಬನ್ನಿ ಎಂದರಂತೆ. ಅಪ್ಪ ಮುಂದೆ ಹೋದರು. ಗೆದ್ದರು. ಹಾರ ಹಾಕಿ ಪ್ರೆಶರ್ ಕುಕ್ಕರ್ ಕೊಟ್ಟರು. ಮರುತಿಂಗಳು ಅಪ್ಪ ಮುಗಿಸಿದಷ್ಟೇ ಮರ ಎಲ್ಲರೂ ಮುಗಿಸಬೇಕು ಎಂದಾಯಿತು. ಆಗದವರಿಗೆ ಕೆಲಸವಿಲ್ಲ, ಲೈನ್ ಮನೆಯೂ ಇಲ್ಲ. ಮನೆ ಬಿಟ್ಟು ಹೋದವರಲ್ಲಿ ಅಪ್ಪನ ಸ್ವಂತ ಅಣ್ಣನೂ ಒಬ್ಬರು, ನನ್ನ ಪೆರಿಯಪ್ಪ, ಅಂದರೆ ದೊಡ್ಡಪ್ಪ. ಅವರು ಕಡಬದ ಕಡೆ ಇಚಿಲಂಪಾಡಿಯಲ್ಲಿ ಇದ್ದಾರೆ ಎಂದು ಗೊತ್ತಿತ್ತು. ನಾವು ಯಾಕೆ ಹೋಗುವುದಿಲ್ಲ ಎಂಬುದು ಗೊತ್ತಿರಲಿಲ್ಲ.

ನಾನು ಅಡುಗೆಮನೆಯ ಕಡೆ ನೋಡಿದೆ. ದಿನಾ ಅನ್ನ ಬೇಯುತ್ತಿದ್ದದ್ದು ಆ ಕುಕ್ಕರಿನಲ್ಲಿ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಅವರಿಗೆ ಎಲ್ಲ ಗೊತ್ತಿತ್ತು.

"ಮುಂದೆ ಹೋದವನಿಂದ ಹಿಂದೆ ನಿಂತವರಿಗೆ ಪೆಟ್ಟು" ಎಂದರು ಅಪ್ಪ. "ನಿನ್ನನ್ನು ಕಳಿಸ್ಬೇಕಾ ಬೇಡ್ವಾ ಅಂತ ನಾನು ಹೇಳುದಿಲ್ಲ. ಅಣ್ಣನ ಹತ್ರ ಕೇಳು. ಅವ ಹೋಗು ಅಂದ್ರೆ ಹೋಗು."

ಆ ಭಾನುವಾರ ಬಸ್ಸು ಬದಲಿಸಿ ಕಡಬಕ್ಕೆ, ಅಲ್ಲಿಂದ ಇಚಿಲಂಪಾಡಿಗೆ ಹೋದೆ. ಪೆರಿಯಪ್ಪ ಯಾರದೋ ಸಣ್ಣ ತೋಟದಲ್ಲಿ ರಬ್ಬರ್ ಶೀಟು ಬಿಸಿಲಿಗೆ ಹಾಕುತ್ತಿದ್ದರು. ಯಾರ ಮಗಳೆಂದು ಹೇಳುವ ಮೊದಲೇ ಗುರುತು ಹಿಡಿದರು. ಅಪ್ಪನ ಮೂಗು ನನಗೆ ಬಂದಿದೆಯಂತೆ. ಬಂದ ಕಾರಣ ಹೇಳಿದೆ. ಅಪ್ಪ ಇಷ್ಟು ವರ್ಷ ಎಂತ ಅಂದುಕೊಂಡಿದ್ದಾರೆ ಎಂಬುದನ್ನೂ ಹೇಳಿದೆ.

ಅವರು ಶೀಟನ್ನು ಹಗ್ಗದ ಮೇಲೆ ಬಿಟ್ಟು ನನ್ನನ್ನೇ ನೋಡಿದರು.

"ಅವ ತಾನಾಗಿ ಮುಂದೆ ಹೋಗಲಿಲ್ಲ ಮಗಳೇ. ನಾಚಿಕೊಂಡು ಹಿಂದೆ ನಿಂತಿದ್ದ. ಬೆನ್ನಿಗೆ ಕೈ ಇಟ್ಟು ದೂಡಿದ್ದು ನಾನು. ನನ್ನ ತಮ್ಮ ಅಂತ ಹೆಮ್ಮೆ ಇತ್ತು ನನಗೆ."

ಅಪ್ಪ ಇದನ್ನು ಹೇಳಿರಲಿಲ್ಲ, ಅಥವಾ ತಪ್ಪೆಲ್ಲ ತನ್ನದೇ ಎಂದು ಹೊತ್ತು ಹೊತ್ತು ಆ ಕೈಯನ್ನು ಮರೆತೇಬಿಟ್ಟಿದ್ದರು.

"ಹಾರಕ್ಕೆ ನನಗೆ ಸಿಟ್ಟಿಲ್ಲ" ಎಂದರು ಪೆರಿಯಪ್ಪ. "ಮರದ ಲೆಕ್ಕ ಹೆಚ್ಚು ಮಾಡಿದ್ದು ಧಣಿ. ಆದ್ರೆ ಇವ ಆಮೇಲೆ ಒಂದು ದಿನ ಬಂದು ನನ್ನ ಹತ್ರ ಕೂತುಕೊಳ್ಳಲಿಲ್ಲ ನೋಡು, ಅದು ಉಂಟು ಹೊಟ್ಟೆಯೊಳಗೆ. ನೀನು ಪುತ್ತೂರಿಗೆ ಹೋಗು. ಪರೀಕ್ಷೆಯೂ ಬರಿ. ಮುಗಿದ ಮೇಲೆ ಡಿಗ್ರಿಯ ಕಾಗದ ತಂದು ನನಗೆ ತೋರಿಸ್ಬೇಕು, ಆಯ್ತಾ?"

ಹೋದೆ. ಪುತ್ತೂರಿನಲ್ಲಿ ತೀರ್ಪುಗಾರರಾಗಿ ಕೂತಿದ್ದ ಸರ್ ಒಬ್ಬರು ಕೇಳಿದರು, "ಭೂಕಂಪ ಆಗಿತ್ತು, ಯುದ್ಧಗಳಲ್ಲಿ ಜನ ಸತ್ರು, ಜಮೀನು ಕೆಲವರ ಕೈ ಸೇರಿತು. ಅದೆಲ್ಲ ಇರುವಾಗ ಹಾರದ ಕತೆಗೆ ಯಾಕಮ್ಮ ಇಷ್ಟು ಹೊತ್ತು?"

ಅದೆಲ್ಲ ಹೌದು ಸರ್ ಎಂದೆ. ಕೊನೆಕೊನೆಗೆ ಪೌರರೆಂದು ಉಳಿದವರು ಒಂದು ಹಳ್ಳಿಯ ಜನರಷ್ಟೇ. ಆದರೆ ನಾಡಿನಲ್ಲಿ ಜನ ಇರಲಿಲ್ಲ ಎಂದಲ್ಲ. ಹೊಲದ ತುಂಬ ಜನ ಇದ್ದರು. ಅವರನ್ನು ತಮ್ಮವರೆಂದು ಎಣಿಸಲು ಮನಸ್ಸಿರಲಿಲ್ಲ. ಅವರಲ್ಲಿ ಗಟ್ಟಿಗರು ಯಾರೆಂದು ತಿಳಿದಾಗ ಹೆದರಿ ಮುಗಿಸಿದರು. ಒಂದು ದೊಡ್ಡ ಸೋಲಿನ ನಂತರ ಶತ್ರುಗಳು ಒಳಗೆ ಬಂದು ಹೆಲಟರಲ್ಲಿ ಹೆಚ್ಚಿನವರಿಗೆ ಬಿಡುಗಡೆ ಕೊಟ್ಟಾಗ, ಹೊಲವೂ ಹೋಯಿತು, ಉಣ್ಣುವ ಧಾನ್ಯವೂ ಹೋಯಿತು. ಮತ್ತೆ ಸ್ಪಾರ್ಟಾ ಮೊದಲಿನಂತೆ ಆಗಲೇ ಇಲ್ಲ.

ಬಹುಮಾನ ಬೇರೆಯವರಿಗೆ ಹೋಯಿತು. ಅದನ್ನು ಕೇಳಿ ಅಪ್ಪನ ಮುಖದಲ್ಲಿ ಕಂಡ ಸಮಾಧಾನಕ್ಕೆ ನನಗೆ ನಗು ಬಂತು. ಪರೀಕ್ಷೆ ಬರೆಯಬೇಡ ಎಂದು ಮಾತ್ರ ಅವರು ಮತ್ತೆ ಹೇಳಲಿಲ್ಲ. ಬರೆದೆ. ಪ್ರಥಮ ದರ್ಜೆಯಲ್ಲಿ ಪಾಸಾದೆ. ನಮ್ಮ ಲೈನಿನಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಬರೆಯುವಾಗ ನನಗೆ ಸಂಕೋಚವಿಲ್ಲ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ವಾರ ಇಚಿಲಂಪಾಡಿಗೆ ಹೊರಟೆ. ಅಪ್ಪ ತಾವಾಗಿಯೇ ಅಂಗಿ ಬದಲಿಸಿ ಜೊತೆಗೆ ಬಂದರು. ಪೆರಿಯಪ್ಪನ ಮನೆ ಕಾಣುವ ತಿರುವಿನಲ್ಲಿ, "ನೀನು ಹೋಗಿ ಕೊಡು" ಎಂದು ರಸ್ತೆಯಲ್ಲೇ ನಿಂತುಬಿಟ್ಟರು.

ಪೆರಿಯಪ್ಪ ಲುಂಗಿಗೆ ಕೈ ಒರೆಸಿಕೊಂಡು ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರಿಗೆ ಕನ್ನಡವೂ ಇಂಗ್ಲಿಷೂ ಓದಲು ಬಾರದು. ನನ್ನ ಹೆಸರು ಎಲ್ಲಿದೆ ಎಂದು ಕೇಳಿದರು, ತೋರಿಸಿದೆ. ತುಂಬ ಹೊತ್ತು ನೋಡಿದರು. ಆಮೇಲೆ ರಸ್ತೆಯ ಕಡೆ ಗಲ್ಲ ಎತ್ತಿ ಹೇಳಿದರು:

"ಒಳ್ಳೇದಾಯ್ತು. ಈಗ ಹೋಗಿ ಆ ನಿಂತವನ ಹತ್ರ ಹೇಳು, ಅನ್ನಕ್ಕೆ ಇಟ್ಟಾಗಿದೆ, ಇನ್ನೂ ಎಷ್ಟು ಹೊತ್ತು ಅಲ್ಲೇ ನಿಲ್ಲುದು ಅಂತ."