ಡಾಂಬರಿಗೆ ಹಲಸಿನ ಮದ್ದು

ತೊಂಬತ್ತರ ದಶಕದಲ್ಲಿ ದೋಹಾದ ಮನ್ಸೂರಾದಲ್ಲಿ ನನ್ನ ದಿನಸಿ ಅಂಗಡಿಯಿತ್ತು. ಎದುರಿನ ರಸ್ತೆಗೆ ಹೊಸ ಡಾಂಬರು ಬಿದ್ದ ದಿನ ಒಬ್ಬ ಮಲಯಾಳಿ ಡ್ರೈವರ್ ತನ್ನ ಅರಬಿ ಧಣಿಯ ಬಿಳಿ ಕಾರನ್ನು ಅದರ ಮೇಲೆಯೇ ಓಡಿಸಿ ತಂದ. ಬಾಗಿಲ ತುಂಬ ಕಪ್ಪು ಚುಕ್ಕಿ.

"ಅರಬಿ ನೋಡಿದರೆ ನನ್ನ ಕೆಲಸ ಖಲಾಸ್, ಇಕ್ಕಾ" ಎನ್ನುತ್ತ ಬ್ಲೇಡಿನಿಂದ ಕೆರೆಯಲು ಹೊರಟ. ನಾನು ಕೈ ಹಿಡಿದೆ.

"ಕೇರಳದವನಾಗಿ ಹಲಸಿನ ಮೇಣ ತೆಗೆಯುವುದು ಗೊತ್ತಿಲ್ಲವಾ ಮಾರಾಯ?"

ತೆಂಗಿನೆಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದೆ. ಡಾಂಬರೆಲ್ಲ ಎದ್ದು ಬಂತು, ಬಣ್ಣಕ್ಕೆ ಒಂದು ಗೀರೂ ಬೀಳಲಿಲ್ಲ.

ಸಂಜೆ ಅರಬಿಯೇ ಬಂದ. ಕಾರು ಎಂದೂ ಇಷ್ಟು ಹೊಳೆದಿರಲಿಲ್ಲವಂತೆ, ಡ್ರೈವರ್ ಹಾಕಿಸಿದ ಆ ಪಾಲಿಶ್ ತನಗೂ ಬೇಕಂತೆ. ಹಿಂದೆ ನಿಂತಿದ್ದ ಡ್ರೈವರ್ ಕಣ್ಣಲ್ಲೇ ಬೇಡಿಕೊಂಡ.

ಗಿರಾಕಿಗೆ ಇಲ್ಲ ಎಂದವನಲ್ಲ ನಾನು. ಉದ್ದ ಕೂದಲಿನ ಹೆಂಗಸಿದ್ದ ಲೇಬಲನ್ನು ಒಳಗೆ ಹೋಗಿ ಕಿತ್ತು, ಬಾಟಲಿ ತಂದುಕೊಟ್ಟೆ.